ಕೋಟೆಗೂ ಪೇಟೆಗೂ ನಡುವೆ: ಬೆಂಗಳೂರಿನ ಸಿಟಿ ಮಾರ್ಕೆಟ್

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ ಊರಿನವರ ಬಾಯಲ್ಲಿ ಇಂದಿಗೂ ಸಿಟಿ ಮಾರ್ಕೆಟ್ಟೇ. ಬೇಸಿಗೆಯ ಮುಂಜಾನೆ ಅಲ್ಲಿಗೆ ಕಾಲಿಟ್ಟವರಿಗೆ ಕಟ್ಟಡ ಕಣ್ಣಿಗೆ ಬೀಳುವ ಮೊದಲೇ ವ್ಯಾಪಾರ ಎದುರಾಗುತ್ತದೆ. ಒಳಗೆ ಮಳಿಗೆಗಳಿದ್ದರೂ ಮೆಟ್ಟಿಲುಗಳ ಮೇಲೆ, ಮೇಲ್ಸೇತುವೆಯ ಕಂಬಗಳ ಬುಡದಲ್ಲಿ, ಬಸ್ಸುಗಳು ತಿರುಗುವ ತಿರುವಿನಲ್ಲಿ ಸೊಪ್ಪಿನ ಕಂತೆಗಳು, ನಿಂಬೆಯ ರಾಶಿಗಳು, ಹೂವಿನ ಗೋಣಿಗಳು ಹರಡಿಕೊಂಡಿರುತ್ತವೆ. ಇದನ್ನು ಅವ್ಯವಸ್ಥೆಯೆಂದು ಕರೆಯುವುದು ಪತ್ರಿಕೆಗಳಿಗೂ ಅಧಿಕಾರಿಗಳಿಗೂ ರೂಢಿಯಾಗಿದೆ. ಆದರೆ ಈ ಸ್ಥಳದ ಇತಿಹಾಸವನ್ನು ಹಿಂದಿನಿಂದ ನೋಡುತ್ತ ಬಂದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ: ಇಲ್ಲಿ ಯಾರು ಯಾವ ಕಾಲದಲ್ಲಿ ವ್ಯಾಪಾರಕ್ಕೆ ಗೋಡೆ ಕಟ್ಟಿದರೂ, ಕೆಲವೇ ವರ್ಷಗಳಲ್ಲಿ ವ್ಯಾಪಾರ ಆ ಗೋಡೆಯ ಹೊರಗೆ ಬಂದು ಕುಳಿತಿದೆ.

ವಿಜಯನಗರದ ಸಾಮಂತನಾಗಿದ್ದ ಒಂದನೆಯ ಕೆಂಪೇಗೌಡ ಬೆಂಗಳೂರಿಗೆ ಅಡಿಪಾಯ ಹಾಕಿದ್ದು 1537ರಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಕಾಲನಿರ್ಣಯ. ನಾಲ್ಕು ಜೋಡಿ ಎತ್ತುಗಳು ಒಂದೇ ಬಿಂದುವಿನಿಂದ ನಾಲ್ಕು ದಿಕ್ಕಿಗೆ ಉತ್ತು ಹೋದವೆಂದೂ ಆ ಸಾಲುಗಳೇ ಊರಿನ ಮುಖ್ಯ ಬೀದಿಗಳಾದವೆಂದೂ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಪಕ್ಕಕ್ಕಿಟ್ಟರೂ ಆ ಬಿಂದು ಉಳಿದಿದೆ. ಈಗ ಅವೆನ್ಯೂ ರಸ್ತೆಯೆನಿಸಿಕೊಂಡಿರುವ ದೊಡ್ಡಪೇಟೆಯೂ ಚಿಕ್ಕಪೇಟೆಯೂ ಒಂದನ್ನೊಂದು ಕತ್ತರಿಸುವ ಚೌಕವೇ ಅದು. ಪೇಟೆ ಎಂದರೆ ಇಲ್ಲಿ ಎರಡು ಅರ್ಥ. ಮಣ್ಣಿನ ಗೋಡೆ ಮತ್ತು ಕಂದಕಗಳೊಳಗಿನ ಇಡೀ ಊರು ಒಂದು ಪೇಟೆ, ಅದರೊಳಗೆ ಒಂದೊಂದು ಕಸುಬಿಗೆ ಅಥವಾ ಸರಕಿಗೆ ಮೀಸಲಾದ ಬೀದಿಯೂ ಒಂದೊಂದು ಪೇಟೆ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಧಾನ್ಯದ ಸಗಟು ವ್ಯಾಪಾರದ ತರಗುಪೇಟೆ, ವರ್ತಕ ಸಮುದಾಯವೊಂದರ ಹೆಸರಿನ ನಗರ್ತಪೇಟೆ ಇವೆಲ್ಲ ಹೀಗೆ ಹುಟ್ಟಿದವು.

ಒಂದು ಸರಕಿಗೆ ಒಂದು ಬೀದಿ ಎಂಬ ಈ ಪದ್ಧತಿ ಕೆಂಪೇಗೌಡನ ಸ್ವಂತ ಕಲ್ಪನೆಯಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿನ ಪೇಟೆಗಳಲ್ಲಿ ಒಂದೊಂದು ಕಸುಬಿನವರ ಅಂಗಡಿಗಳು ಒತ್ತೊತ್ತಾಗಿ ಇದ್ದುದನ್ನು ಬರೆದಿಟ್ಟಿದ್ದಾನೆ. ಆ ನಗರದ ಜನಕ್ಕೆ ಹೂವು ಅನ್ನದಷ್ಟೇ ಅಗತ್ಯ, ಅದಿಲ್ಲದೆ ಅವರು ಬದುಕಲಾರರು ಎಂಬ ಅರ್ಥದ ಮಾತನ್ನೂ ಅವನು ದಾಖಲಿಸಿದ್ದಾನೆ. ಅದಕ್ಕೂ ಹಿಂದಿನ ಕನ್ನಡ ಶಾಸನಗಳಲ್ಲಿ ಪಟ್ಟಣಸ್ವಾಮಿ ಎಂಬ ಹುದ್ದೆ ಕಾಣಿಸುತ್ತದೆ. ಊರಿನ ವ್ಯಾಪಾರವನ್ನೂ ವಾರಕ್ಕೊಮ್ಮೆ ಕೂಡುವ ಸಂತೆಯನ್ನೂ ನೋಡಿಕೊಳ್ಳುತ್ತಿದ್ದ ವರ್ತಕ ಪ್ರಮುಖನಿಗೆ ಆ ಹೆಸರು. ಸುಂಕದ ವಿವರ, ಸಂತೆಯ ದತ್ತಿ, ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಬಿರುದಾವಳಿ ಇವೆಲ್ಲ ಕಲ್ಲಿನ ಮೇಲೆ ಬಂದಿವೆಯೆಂದರೆ, ವ್ಯಾಪಾರವು ಈ ನಾಡಿನಲ್ಲಿ ಬರವಣಿಗೆಗೆ ಅರ್ಹವಾದ ವಿಷಯವಾಗಿತ್ತೆಂದೇ ಅರ್ಥ.

ಸಿಟಿ ಮಾರ್ಕೆಟ್ ಇರುವ ನೆಲ ಮಾತ್ರ ಮೊದಲು ಈ ಪೇಟೆಗೆ ಸೇರಿದ್ದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯಲ್ಲಿ ಮೊಗಲರ ಸೇನಾಧಿಪತಿ ಖಾಸಿಂಖಾನನಿಂದ ಬೆಂಗಳೂರನ್ನು 3 ಲಕ್ಷ ರೂಪಾಯಿಗೆ ಪಡೆದುಕೊಂಡ ಮೇಲೆ, ಪೇಟೆಯ ದಕ್ಷಿಣಕ್ಕೆ ಇನ್ನೊಂದು ಕೋಟೆಯನ್ನು ಕಟ್ಟಿಸಿದರು. 1761ರಲ್ಲಿ ಹೈದರ್ ಅಲಿ ಅದನ್ನು ಕಲ್ಲಿನಲ್ಲಿ ಗಟ್ಟಿಗೊಳಿಸಿದ. ಹೀಗೆ ಸೈನ್ಯ ಮತ್ತು ಅರಮನೆಗಳಿರುವ ಕೋಟೆ ಒಂದು ಕಡೆ, ವರ್ತಕರೂ ಕಸುಬುದಾರರೂ ಇರುವ ಪೇಟೆ ಇನ್ನೊಂದು ಕಡೆ, ಇವೆರಡರ ನಡುವೆ ಸಿದ್ದಿಕಟ್ಟೆಯೆಂಬ ನೀರಿನ ಕಟ್ಟೆಯೂ ಬಯಲೂ ಉಳಿದವು. ಕೋಟೆಯ ಎದುರಿಗೆ ಬಯಲನ್ನು ತೆರವಾಗಿಡುವುದು ಯುದ್ಧಶಾಸ್ತ್ರದ ಸಾಮಾನ್ಯ ನಿಯಮ. ಶತ್ರುವಿಗೆ ಮರೆ ಸಿಗಬಾರದು. ಆ ನಿಯಮದ ಪರೀಕ್ಷೆ 1791ರಲ್ಲಿ, ಹೈದರನ ಮಗ ಟಿಪ್ಪುವಿನ ಮೇಲೆ ಬ್ರಿಟಿಷರು ದಂಡೆತ್ತಿ ಬಂದಾಗ ಆಯಿತು. ಕಾರ್ನ್‌ವಾಲಿಸನ ಸೈನ್ಯ ಮಾರ್ಚ್ 7ರಂದು ಹಲಸೂರು ಬಾಗಿಲಿನ ಮೂಲಕ ಪೇಟೆಯನ್ನು ಹಿಡಿದು, ಅಲ್ಲಿಂದಲೇ ಕೋಟೆಯ ಉತ್ತರ ಭಾಗಕ್ಕೆ ಗುಂಡಿನ ಮಳೆಗರೆದು, ಮಾರ್ಚ್ 21ರ ರಾತ್ರಿ ಅದನ್ನೂ ವಶಪಡಿಸಿಕೊಂಡಿತು. ಇಂದು ಬಾಳೆಗೊನೆ ಇಳಿಸುವ ನೆಲ ಆ ಎರಡು ವಾರ ಫಿರಂಗಿಗಳ ದಾರಿಯಾಗಿತ್ತು.

ಯುದ್ಧಗಳು ಮುಗಿದ ಮೇಲೆ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ವ್ಯಾಪಾರದ ಬಗ್ಗೆ ತಾಳ್ಮೆಯಿಂದ ವಿಚಾರಿಸಿ ಬರೆದಿದ್ದಾನೆ. ಟಿಪ್ಪುವಿನ ಕಾಲದಲ್ಲಿ ಕಂಪನಿಯ ಮತ್ತು ನಿಜಾಮನ ಸೀಮೆಗಳೊಡನೆ ವ್ಯಾಪಾರ ನಿಷಿದ್ಧವಾಗಿದ್ದುದರಿಂದ ಕುಗ್ಗಿದ್ದ ಪೇಟೆ ಆಗ ಚೇತರಿಸಿಕೊಳ್ಳುತ್ತಿತ್ತು. ನೇಕಾರರು ಬಟ್ಟೆಯನ್ನು ಸಂತೆಯಲ್ಲಿ ಮಾರುತ್ತಿದ್ದರು, ಇಲ್ಲವೇ ವರ್ತಕರಿಂದ ಮುಂಗಡ ಪಡೆದು ನೇಯುತ್ತಿದ್ದರು. ಈ ಬರಹದಲ್ಲಿ ಸರಕಿನ ಬೆಲೆಯೂ ಸುಂಕವೂ ಸಿಗುತ್ತವೆ. ಸೊಪ್ಪು ಮಾರುವವಳು ಮಾತ್ರ ಸಿಗುವುದಿಲ್ಲ. ಚಿಲ್ಲರೆ ವ್ಯಾಪಾರ ಸರ್ಕಾರಗಳ ಕಣ್ಣಿಗೆ ಬೀಳುವುದು ಅದರಿಂದ ತೊಂದರೆಯಾಯಿತೆಂದು ಅನ್ನಿಸಿದಾಗಲೇ ಎಂಬುದಕ್ಕೆ ಮುಂದಿನ ಶತಮಾನವೇ ಸಾಕ್ಷಿ.

1809ರಲ್ಲಿ ದಂಡು ಪ್ರದೇಶ, ಅಂದರೆ ಬ್ರಿಟಿಷ್ ಸೈನ್ಯದ ನೆಲೆ, ಹಲಸೂರಿನ ಕಡೆ ಆರಂಭವಾದಂದಿನಿಂದ ಬೆಂಗಳೂರು ಎರಡು ಊರಾಯಿತು. 1862ರಲ್ಲಿ ಎರಡಕ್ಕೂ ಬೇರೆ ಬೇರೆ ಪುರಸಭೆಗಳು ಬಂದವು. 1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆಯಲ್ಲಿ ಅದು ಮಾಡಿದ ಅನಾಹುತದಿಂದಾಗಿ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೇಗ ತುಂಬಿಕೊಂಡವು. ಗಾಳಿ ಬೆಳಕು ಇಲ್ಲದ ಬೀದಿಯಲ್ಲಿ, ನೆಲದ ಮೇಲೆ ಆಹಾರ ಮಾರುವುದು ರೋಗಕ್ಕೆ ದಾರಿ ಎಂಬ ಆಡಳಿತದ ನಂಬಿಕೆಯೂ ಗಟ್ಟಿಯಾಯಿತು. ದಂಡಿನಲ್ಲಿ 1927ರ ರಸೆಲ್ ಮಾರುಕಟ್ಟೆ, ಪೇಟೆಯ ಅಂಚಿನಲ್ಲಿ ಅದೇ ದಶಕದ ಕೃಷ್ಣರಾಜೇಂದ್ರ ಮಾರುಕಟ್ಟೆ, ಎರಡೂ ಈ ನಂಬಿಕೆಯ ಫಲ. ಸಿದ್ದಿಕಟ್ಟೆಯ ಬಯಲು ಖಾಲಿ ಬಿದ್ದಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಕಟ್ಟಡಕ್ಕೆ ಜಾಗವಾಯಿತು. ಒಂದು ಬಾಗಿಲು ಅವೆನ್ಯೂ ರಸ್ತೆಯ ಕಡೆ, ಇನ್ನೊಂದು ಕಲಾಸಿಪಾಳ್ಯದ ಕಡೆ ಎಂಬಂತೆ ಅದು ಪೇಟೆಗೆ ಮುಖ ಮಾಡಿಯೂ ಪೇಟೆಯ ಹೊರಗೆ ನಿಂತಿತು.

ಆ ಹೊತ್ತಿಗೆ ಈ ಸುತ್ತಿಗೆ ಬೆಳಕು ಬಂದಾಗಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದಿತ್ತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪಗಳು ಬೆಳಗಿದ್ದು ಇಲ್ಲಿಯೇ. ಇದು ಏಷ್ಯಾದಲ್ಲೇ ಮೊದಲು ಎಂಬ ಮಾತು ಬೆಂಗಳೂರಿಗರಿಗೆ ಬಲು ಪ್ರಿಯವಾದರೂ, ಟೋಕಿಯೋದ ಗಿಂಜಾ ಬೀದಿಯಲ್ಲಿ 1882ರಲ್ಲೇ ವಿದ್ಯುದ್ದೀಪ ಉರಿದಿದ್ದುದರಿಂದ ಅದನ್ನು ಅಷ್ಟು ಗಟ್ಟಿಯಾಗಿ ಹೇಳುವಂತಿಲ್ಲ. ಸೂರ್ಯೋದಯಕ್ಕೆ ಮೊದಲೇ ಅರ್ಧ ವ್ಯವಹಾರ ಮುಗಿಯುವ ಮಾರುಕಟ್ಟೆಗೆ ಆ ದೀಪ ತಂದ ಅನುಕೂಲವೇ ಹೆಚ್ಚು ಮುಖ್ಯ.

ಈ ಮುಂಜಾನೆಯ ವ್ಯಾಪಾರ ಅಭ್ಯಾಸಬಲದಿಂದ ನಡೆಯುವಂಥದ್ದಲ್ಲ, ಸರಕಿನ ಸ್ವಭಾವದಿಂದ ನಡೆಯುವಂಥದ್ದು. ಹೂವಿನ ಭಾಗದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ದುಂಡುಮಲ್ಲಿಗೆಯನ್ನು ಮೊಗ್ಗಿರುವಾಗಲೇ ಬಿಡಿಸಬೇಕು, ಸಂಜೆಗೆ ಅದು ಅರಳುತ್ತದೆ. ಆದ್ದರಿಂದ ಕಿತ್ತ ಮೊಗ್ಗು ಕಟ್ಟುವವರ ಕೈ ಸೇರಿ, ಮಾಲೆಯಾಗಿ, ಮುಡಿಗೋ ಗುಡಿಗೋ ಮುಟ್ಟಲು ಇರುವುದು ಒಂದೇ ಹಗಲು. ಬೇಸಿಗೆ ಮಲ್ಲಿಗೆಯ ಸುಗ್ಗಿ, ಜೊತೆಗೆ ಅದರ ಶತ್ರು. ಬಿಸಿಲೇರುವ ಮೊದಲೇ ಮೂಟೆ ಬಿಚ್ಚಿ, ಒದ್ದೆ ಗೋಣಿಯ ಮೇಲೆ ಸುರಿದು, ಆಗಾಗ ನೀರು ಚಿಮುಕಿಸುತ್ತ ಮಾರುವವರಿಗೆ, ಬೆಳಿಗ್ಗೆ ಐದಕ್ಕೆ ಬಿಗಿಯಾಗಿದ್ದ ದರ ಒಂಬತ್ತರ ಹೊತ್ತಿಗೆ ಸಡಿಲವಾಗುವುದು ಗೊತ್ತೇ ಇರುತ್ತದೆ. ಸಗಟಿನಲ್ಲಿ ಹೂವು ಕಿಲೋ ಲೆಕ್ಕ. ಕಟ್ಟಿದ ಮೇಲೆ ಅದಕ್ಕೆ ಬೇರೆ ಅಳತೆ. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ ಒಂದು ಮೊಳ, ಚಾಚಿದ ಎರಡು ಕೈಗಳ ಉದ್ದ ಒಂದು ಮಾರು. 1958ರಿಂದ ಮೆಟ್ರಿಕ್ ತೂಕಗಳು ಬಂದು ಸೇರು, ಮಣಗಳು ಕಾನೂನಿನಿಂದ ಮರೆಯಾದರೂ ಮೊಳ ಉಳಿದುಕೊಂಡಿತು. ಮಾರುವವಳ ತೋಳು ಗಿಡ್ಡವೋ ಉದ್ದವೋ ಎಂಬುದರ ಮೇಲೆ ನಿಂತ ಈ ಅಳತೆಯನ್ನು ಯಾವ ಇಲಾಖೆಯೂ ಮುದ್ರೆಯೊತ್ತಿ ಪರಿಶೀಲಿಸಿಲ್ಲ, ಯಾವ ಗಿರಾಕಿಯೂ ಪಟ್ಟಿ ಹಿಡಿದು ಅಳೆದಿಲ್ಲ. ದಿನದ ಮೊದಲ ಮಾರಾಟಕ್ಕೆ ಬೋಣಿ ಎಂದು ಹೆಸರು. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ನಂಬಿಕೆಯಿಂದ ಮೊದಲ ಚೌಕಾಸಿ ಸಾಮಾನ್ಯವಾಗಿ ಕೊಳ್ಳುವವರ ಪರವಾಗಿಯೇ ಮುಗಿಯುತ್ತದೆ.

ಈ ಹೂವು, ತರಕಾರಿಗಳು ಹಿಂದೆ ಹೆಚ್ಚು ದೂರದಿಂದ ಬರುತ್ತಿರಲಿಲ್ಲ. ತೋಟಗಾರಿಕೆಯೇ ಕುಲಕಸುಬಾಗಿದ್ದ ತಿಗಳ ಸಮುದಾಯದವರು ಪೇಟೆಯ ಸುತ್ತಲಿನ ಕೆರೆಗಳ ಅಂಚಿನಲ್ಲಿ ಬೆಳೆದು ತರುತ್ತಿದ್ದರು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಬೆಂಗಳೂರು ಕರಗ ಅವರದೇ ಉತ್ಸವ. ಮಲ್ಲಿಗೆಯಲ್ಲಿ ಮುಚ್ಚಿದ ಕರಗವನ್ನು ತಲೆಯ ಮೇಲೆ ಹೊತ್ತವರು ಪೇಟೆಯ ಬೀದಿಗಳನ್ನು, ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾವನ್ನು, ಮಾರುಕಟ್ಟೆಯನ್ನು ಹಾದು ಬೆಳಗಿನ ಹೊತ್ತಿಗೆ ಮರಳುವಾಗ, ಹಳೆಯ ಊರಿನ ಮೇರೆಗಳನ್ನೇ ಮತ್ತೆ ತುಳಿದಂತಾಗುತ್ತದೆ. ಮೆರವಣಿಗೆಯ ಹಾದಿ ಉಳಿಯಿತು, ಕೆರೆಗಳು ಉಳಿಯಲಿಲ್ಲ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ತೋಟಗಳು ಹಿಂದೆ ಸರಿದಂತೆ ಮಾರುಕಟ್ಟೆಯ ಬೇರುಗಳು ಉದ್ದವಾದವು. ಈಗ ಹೂವು ಹೊಸೂರು, ಚಿಕ್ಕಬಳ್ಳಾಪುರ, ಕೋಲಾರಗಳ ಕಡೆಯಿಂದ ಬರುತ್ತದೆ. ಬೇಸಿಗೆಯ ಮಾವಿನಲ್ಲಿ ಮೊದಲು ರಾಮನಗರದ್ದು, ಆಮೇಲೆ ಶ್ರೀನಿವಾಸಪುರದ್ದು. ರಸಪುರಿ, ಬಾದಾಮಿ, ಸೇಂದೂರಗಳು ಹೀಗೆ ಸರದಿಯಲ್ಲಿ ಬಂದು, ಕೊನೆಗೆ ನೀಲಂ ಬರುವಾಗ ಮಳೆಗಾಲ ಹಿಡಿದಿರುತ್ತದೆ.

ಬುಟ್ಟಿಯ ಇನ್ನೊಂದು ಪಾಲಿಗೆ ಲಾಲ್‌ಬಾಗ್ ಕಾರಣ. 1874ರಲ್ಲಿ ಅದರ ಹೊಣೆ ಹೊತ್ತ ಜಾನ್ ಕ್ಯಾಮರನ್‌ನ ಕಾಲದಲ್ಲಿ ಯೂರೋಪಿನ ತರಕಾರಿಗಳ ಕೃಷಿ ಬೆಂಗಳೂರಿನ ಸುತ್ತ ಹಬ್ಬಿತು. ಹೂಕೋಸು, ಗಜ್ಜರಿ, ಹುರುಳಿಕಾಯಿಗಳು ದಂಡಿನ ಅಡುಗೆಮನೆಗಳಿಂದ ಪೇಟೆಯ ಸಾಂಬಾರಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ; ಸೀಮೆಬದನೆಕಾಯಿಯನ್ನಂತೂ ನೆರೆಯ ತಮಿಳುನಾಡಿನಲ್ಲಿ ಬೆಂಗಳೂರಿನ ಬದನೆಯೆಂದೇ ಕರೆಯುತ್ತಾರೆ.

ಸ್ವಾತಂತ್ರ್ಯಾನಂತರದ ಸುಧಾರಣೆಗಳು ದಲ್ಲಾಳಿಯನ್ನು ಗುರಿಯಾಗಿಟ್ಟುಕೊಂಡವು. ರೈತನ ಸರಕನ್ನು ಹರಾಜು ಹಾಕಿ ಕಮಿಷನ್ ಪಡೆಯುವ ಸಗಟು ಅಂಗಡಿಗೆ ಮಂಡಿ ಎಂದು ಹೆಸರು. ಮಂಡಿಯನ್ನು ಬಿಟ್ಟು ಬೆಳೆಗಾರರೇ ಮಾರುವಂತಾಗಲೆಂದು ತೋಟಗಾರಿಕೆ ತಜ್ಞ ಎಂ. ಎಚ್. ಮರಿಗೌಡರ ಮುಂದಾಳತ್ವದಲ್ಲಿ 1959ರಲ್ಲಿ ಹುಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಸಗಟು ವ್ಯಾಪಾರವನ್ನು ನಿಯಂತ್ರಿತ ಪ್ರಾಂಗಣಗಳಿಗೆ ತರಲು ಹೊರಟಿತು. ಧಾನ್ಯ, ಈರುಳ್ಳಿ, ಆಲೂಗಡ್ಡೆಗಳ ದೊಡ್ಡ ವಹಿವಾಟು ಯಶವಂತಪುರಕ್ಕೆ ನಡೆಯಿತು. ಹೂವು, ಸೊಪ್ಪು ಮಾತ್ರ ಕದಲಲಿಲ್ಲ. 1990ರ ದಶಕದಲ್ಲಿ ಹಳೆಯ ಕಟ್ಟಡದ ಜೊತೆಗೆ ಬಹುಮಹಡಿ ಕಟ್ಟಡ ಎದ್ದಿತು, ಅದೇ ದಶಕದ ಕೊನೆಗೆ ಮೈಸೂರು ರಸ್ತೆಯ ಮೇಲ್ಸೇತುವೆಯೂ ಬಂತು. ಸಂಚಾರವನ್ನು ಮಾರುಕಟ್ಟೆಯ ಮೇಲಿನಿಂದ ದಾಟಿಸಲು ಕಟ್ಟಿದ ಸೇತುವೆ, ಕೆಳಗಿನವರಿಗೆ ಬೇಸಿಗೆಯಲ್ಲಿ ಬಿಟ್ಟಿ ನೆರಳಾಗಿ ಒದಗಿತು. ಮಹಡಿ ಹತ್ತಿ ಕೊತ್ತಂಬರಿ ಸೊಪ್ಪು ಕೊಳ್ಳುವವರು ಯಾರೂ ಇಲ್ಲವೆಂಬುದು ಯೋಜನೆ ತಯಾರಿಸಿದವರಿಗೆ ಏಕೆ ಹೊಳೆಯಲಿಲ್ಲವೋ, ಮೇಲಿನ ಮಹಡಿಗಳಿಗೆ ಒಗ್ಗಿದ್ದು ಗಿರಾಕಿ ಹುಡುಕಿಕೊಂಡು ಬರುವಂಥ ಉಪಕರಣ, ಬಿಡಿಭಾಗಗಳ ವ್ಯಾಪಾರವೇ. 2017ರ ಜೂನಿನಲ್ಲಿ ಮೆಟ್ರೊ ನಿಲ್ದಾಣ ತೆರೆದಾಗ ಅದರ ಬಾಗಿಲ ಬಳಿಯೂ ಬುಟ್ಟಿಗಳು ಬಂದು ಕುಳಿತವು.

ಕಾನೂನು ಈ ನಡವಳಿಕೆಯನ್ನು ಒಪ್ಪಿಕೊಂಡದ್ದು ತಡವಾಗಿ. ನ್ಯಾಯಯುತ ನಿರ್ಬಂಧಗಳಿಗೆ ಒಳಪಟ್ಟು ಬೀದಿಬದಿ ವ್ಯಾಪಾರವೂ ಸಂವಿಧಾನ ಕೊಟ್ಟ ವೃತ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಸೋಧನ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಇನ್ನೂ ಮುಂದೆ ಹೋಗಿ, ಪ್ರತಿ ನಗರದಲ್ಲೂ ವ್ಯಾಪಾರ ಸಮಿತಿ ಇರಬೇಕೆಂದೂ ಅದರಲ್ಲಿ ಕನಿಷ್ಠ ನೂರಕ್ಕೆ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕೆಂದೂ ವಿಧಿಸಿತು. ಕೊಳ್ಳುವವರೂ ಮಾರುವವರೂ ಬಹುಕಾಲದಿಂದ ತಾವಾಗಿಯೇ ಸೇರುತ್ತ ಬಂದ ಜಾಗವನ್ನು ಆ ಕಾಯಿದೆ ಸಹಜ ಮಾರುಕಟ್ಟೆಯೆಂದು ಗುರುತಿಸುತ್ತದೆ; ಅಂಥಲ್ಲಿ 50 ವರ್ಷಕ್ಕೂ ಹೆಚ್ಚು ಕಾಲ ವ್ಯಾಪಾರ ನಡೆದಿದ್ದರೆ ಅದನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಿ, ಅಲ್ಲಿನವರನ್ನು ಬೇರೆಡೆಗೆ ಕಳುಹಿಸದಿರಬೇಕು. ಸಿದ್ದಿಕಟ್ಟೆಯ ಬಯಲಿಗೆ ಈ ಮಾತು ಹೊಂದುವುದರಲ್ಲಿ ಅನುಮಾನವಿಲ್ಲ. ಆದರೆ ಹಕ್ಕು ಸಿಗಬೇಕಾದರೆ ವ್ಯಾಪಾರಿಯ ಹೆಸರು ಸಮೀಕ್ಷೆಯ ಪಟ್ಟಿಯಲ್ಲಿರಬೇಕು. ಸಮೀಕ್ಷೆಗೆ ಬರುವವರು ಕಚೇರಿ ತೆರೆದ ಮೇಲೆ, ಹತ್ತು ಗಂಟೆಗೆ ಹೊರಟರೆ, ಬೇಸಿಗೆಯಲ್ಲಿ ಆ ಹೊತ್ತಿಗಾಗಲೇ ಮಲ್ಲಿಗೆಯವರು ಗೋಣಿ ಮಡಚಿ ಊರಿನ ಬಸ್ಸು ಹತ್ತಿರುತ್ತಾರೆ.