ವಿಜ್ಞಾನ ವಿದ್ಯಾರ್ಥಿನಿಯ ದೂರು ಮತ್ತು ನಮ್ಮ ಹೊಣೆ



ಅಕ್ಕಲಕೋಟದ ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತ ಹೆಣ್ಣುಮಕ್ಕಳು ವಿಜ್ಞಾನ ಪದವಿಗೆಂದು ಸೊಲ್ಲಾಪುರಕ್ಕೆ ಹೋಗುತ್ತಾರೆ. ಪ್ರಯೋಗಶಾಲೆಯಲ್ಲಿ ಅನುಚಿತವಾಗಿ ವರ್ತಿಸಿದವನೇ ಪರೀಕ್ಷಕನೂ ಆಗಿದ್ದರೆ ಆಕೆ ಬಾಯಿ ಬಿಡುವುದೆಂತು?

ಈ ಭಯವನ್ನು ಕಾನೂನು ಬಲ್ಲದು. 1997ರ ವಿಶಾಖಾ ತೀರ್ಪು ಹಾಗೂ 2013ರ ಕಾಯಿದೆಯ ತರುವಾಯ ಯುಜಿಸಿ 2015ರಲ್ಲಿ ರೂಪಿಸಿದ ನಿಯಮಾವಳಿಯಂತೆ, ಆರೋಪಿತನು ದೂರುದಾರಳ ಪರೀಕ್ಷೆಯ ಮೌಲ್ಯಮಾಪನ ಮಾಡದಂತೆ ಸಂಸ್ಥೆಯು ತಡೆಯಬಹುದು. ‘ತಡೆಯಲೇಬೇಕು’ ಎಂದಿದ್ದರೆ ಲೇಸಾಗುತ್ತಿತ್ತು.

ಜ್ಯೂನಿಯರ್ ಕಾಲೇಜಿನ ಹುಡುಗಿಗೆ 18 ತುಂಬಿರದಿದ್ದರೆ 2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿದೂ ಸುಮ್ಮನಿದ್ದ ಶಿಕ್ಷಕನೂ ಶಿಕ್ಷಾರ್ಹನೇ.

ಉಳಿದವರ ದೂರು ಲಿಖಿತವಾಗಿ, ಘಟನೆಯ ಮೂರು ತಿಂಗಳೊಳಗೆ ಕಾಲೇಜಿನ ಆಂತರಿಕ ಸಮಿತಿಗೆ ತಲುಪಬೇಕು. ಬರೆಯಲಾಗದವಳಿಗೆ ನೆರವಾಗುವುದು ಸಮಿತಿಯದೇ ಕರ್ತವ್ಯ. ಆದರೂ ಕನ್ನಡದಲ್ಲಿ ನೊಂದವಳು ಮರಾಠಿಯಲ್ಲಿ ಬರೆಯಲು ಹಿಂಜರಿದು ಹಳೆಯ ಗುರುಗಳ ಬಳಿಗೇ ಬಂದಾಳು. ಆಗ ‘ಒಬ್ಬಾಕಿನೇ ಯಾಕ ಹೋದಿ?’ ಎಂದು ಕೇಳದಿರಿ. ನಡೆದುದನ್ನು ದಿನಾಂಕ, ಸ್ಥಳಗಳೊಡನೆ ಅವಳ ಮಾತಿನಲ್ಲಿಯೇ ಮೊದಲು ಕನ್ನಡದಲ್ಲಿ ಬರೆಯಿಸಿರಿ. ತಿದ್ದಿ ಸಭ್ಯಗೊಳಿಸಬೇಡಿರಿ. ಅನುವಾದ ಆಮೇಲೆ ಆಗಲಿ. ಅದನ್ನು ಓದಿಸಿ, ಅವಳು ಒಪ್ಪಿದ ಮೇಲೆಯೇ ಸಹಿ ಪಡೆಯಿರಿ.