ನೀಲಿ ಹೆಲ್ಮೆಟ್ ಹಾಕೋರು ಯಾರು, ಯಾಕೆ?

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಅಂದ್ರೆ ನಮಗೆ ನೆನಪಾಗೋದು ನೀಲಿ ಹೆಲ್ಮೆಟ್. ಅದನ್ನ ಹಾಕಿರೋ ಸೈನಿಕ ಯಾವ ದೇಶದವನು ಅಂತ ಯೋಚಿಸಿದ್ದೀರಾ? ಹಲವು ವರ್ಷಗಳಿಂದ ಅತಿ ಹೆಚ್ಚು ಸೈನಿಕರನ್ನು ಕಳಿಸುತ್ತಿರುವ ದೇಶಗಳಲ್ಲಿ ನೇಪಾಳ, ರುವಾಂಡಾ, ಬಾಂಗ್ಲಾದೇಶ, ಭಾರತ ಇವೆ. ಪಡೆ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸೋದು ಭದ್ರತಾ ಮಂಡಳಿ. ಅಲ್ಲಿ ವಿಟೊ ಅಧಿಕಾರ ಇರೋದು ಐದೇ ದೇಶಗಳಿಗೆ. ಈ ನಾಲ್ಕರಲ್ಲಿ ಒಂದಕ್ಕೂ ಅದು ಇಲ್ಲ.

ಹಾಗಾದ್ರೆ ಯಾಕೆ ಕಳಿಸ್ತಾರೆ? 'ದುಡ್ಡಿಗೆ' ಅನ್ನೋ ಉತ್ತರ ಥಟ್ ಅಂತ ಬರುತ್ತೆ. ಅದು ಪೂರ್ತಿ ಸುಳ್ಳೂ ಅಲ್ಲ. 2018ರಲ್ಲಿ ವಿಶ್ವಸಂಸ್ಥೆ ಒಬ್ಬ ಸೈನಿಕನಿಗೆ ತಿಂಗಳಿಗೆ 1,428 ಡಾಲರ್ ದರ ನಿಗದಿ ಮಾಡಿತು. ಈ ಹಣ ಹೋಗೋದು ಸೈನಿಕನ ಸರ್ಕಾರಕ್ಕೆ. ಸಣ್ಣ ಬಜೆಟ್ಟಿನ ಸೇನೆಗಳಿಗೆ ಇದು ದೊಡ್ಡ ಆಸರೆ. ಆದರೆ ಭಾರತದ ರಕ್ಷಣಾ ಬಜೆಟ್ ಮುಂದೆ ಇದು ಲೆಕ್ಕಕ್ಕೇ ಬರಲ್ಲ.

ನನ್ನ ಪ್ರಕಾರ ದೊಡ್ಡ ಕಾರಣ, ಮಾತಿಗೆ ಸಿಗೋ ತೂಕ. ರುವಾಂಡಾವನ್ನೇ ನೋಡಿ. 1994ರಲ್ಲಿ ಅಲ್ಲಿ ನರಮೇಧ ನಡೀತಿದ್ದಾಗ, ಇದ್ದ ಪಡೆಯನ್ನು 270 ಜನಕ್ಕೆ ಇಳಿಸಲು ಭದ್ರತಾ ಮಂಡಳಿ ನಿರ್ಧರಿಸಿತು. ಅದೇ ದೇಶ ಮುಂದೆ ಸುಡಾನಿನ ದಾರ್ಫುರ್‌ಗೆ ಸಾವಿರಾರು ಸೈನಿಕರನ್ನು ಕಳಿಸಿತು. 2010ರಲ್ಲಿ, ಕಾಂಗೋದಲ್ಲಿ ರುವಾಂಡಾ ಸೇನೆ ಹತ್ಯೆಗಳನ್ನು ನಡೆಸಿದೆ ಅಂತ ಆರೋಪಿಸುವ ವಿಶ್ವಸಂಸ್ಥೆಯ ಕರಡು ವರದಿ ಸೋರಿಕೆಯಾಯ್ತು. ಇದನ್ನು ಪ್ರಕಟಿಸಿದರೆ ಸುಡಾನಿನಿಂದ ಪಡೆ ವಾಪಸ್ ಕರೆಸ್ತೀವಿ ಅಂತ ರುವಾಂಡಾ ಬೆದರಿಸಿತು. ಆಗ ಪ್ರಧಾನ ಕಾರ್ಯದರ್ಶಿಯಾಗಿದ್ದ ಬಾನ್ ಕಿ ಮೂನ್ ಖುದ್ದು ಕಿಗಾಲಿಗೆ ಹೋದರು. ವರದಿ ಕೊನೆಗೂ ಹೊರಬಂತು, ಆದರೆ ಅದರ ಭಾಷೆ ಸ್ವಲ್ಪ ಮೆತ್ತಗಾಗಿತ್ತು. ಸೈನಿಕರನ್ನು ಕಳಿಸೋ ದೇಶಕ್ಕೆ ಇಂಥ ಹಿಡಿತ ಸಿಗುತ್ತೆ.

ಭಾರತಕ್ಕೆ ಏನು ಸಿಕ್ಕಿದೆ? ಈವರೆಗೆ ನಾವು 2 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳಿಸಿದ್ದೇವೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಸೈಪ್ರಸ್‌ನ ಶಾಂತಿಪಡೆಯನ್ನು ಮುನ್ನಡೆಸುತ್ತಲೇ 1965ರಲ್ಲಿ ಅಲ್ಲೇ ತೀರಿಕೊಂಡರು. ಒಳ್ಳೆ ಹೆಸರು ಬಂತು, ಮಂಡಳಿಯ ಕಾಯಂ ಸ್ಥಾನ ಮಾತ್ರ ಬಂದಿಲ್ಲ.

ಕಾಯಂ ಸ್ಥಾನಕ್ಕಿಂತ ಮೊದಲು ಕೇಳಬೇಕಾದ್ದು ಒಂದಿದೆ ಅನ್ಸುತ್ತೆ ನನಗೆ. ಮಂಡಳಿಯಲ್ಲಿಲ್ಲದ ದೇಶದ ಪಡೆಯನ್ನು ಕೇಳುವ ಮುಂಚೆ, ಆ ಪಡೆಯ ಬಳಕೆ ಬಗ್ಗೆ ನಿರ್ಧರಿಸುವಾಗ ಆ ದೇಶವನ್ನೂ ಕರೆಯಬೇಕು ಅನ್ನುತ್ತೆ ವಿಶ್ವಸಂಸ್ಥೆ ಸನ್ನದಿನ 44ನೇ ವಿಧಿ. ಭಾರತ ಇದನ್ನು ಮತ್ತೆ ಮತ್ತೆ ನೆನಪಿಸಿದೆ. ಗುಂಡು ಹಾರೋ ಜಾಗಕ್ಕೆ ಹೋಗೋದು ನಮ್ಮ ಹುಡುಗರು. ಅಲ್ಲಿ ಅವರು ಏನು ಮಾಡಬೇಕು ಅನ್ನೋ ಆದೇಶ ಬರೆಯುವಾಗ ನಮ್ಮನ್ನೂ ಕೇಳಲಿ. ನೀವೇನಂತೀರಿ?