ಹೆಸರಿನಲ್ಲಿ ಉಳಿದ ನೀರು

ಊರ ಹೆಸರಿನ ಹಿಂದೆ ಒಂದು ಕಥೆಯಿರಬೇಕೆಂಬುದು ನಮ್ಮ ಜನರ ಬಹುಕಾಲದ ಆಸೆ. ಬೆಂಗಳೂರಿನ ಕಥೆಯನ್ನಂತೂ ಕೇಳದವರಿಲ್ಲ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳಂತೆ. ಊರು ‘ಬೆಂದಕಾಳೂರು’ ಆಯಿತಂತೆ. ಅಧ್ಯಾಪಕನಾದ ಹೊಸತರಲ್ಲಿ ನಾನೂ ಇದನ್ನು ತರಗತಿಯಲ್ಲಿ ರಸವತ್ತಾಗಿ ಹೇಳಿದವನೇ. ಆದರೆ ಬೇಗೂರಿನ ದೇವಾಲಯದಲ್ಲಿರುವ, ಕ್ರಿ.ಶ. 890ರ ಸುಮಾರಿನ ಗಂಗರ ಕಾಲದ ವೀರಗಲ್ಲು ಆಗಲೇ ಬೆಂಗಳೂರಿನ ಕಾಳಗವೊಂದನ್ನು ಹೆಸರಿಸುತ್ತದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಜ್ಜಿ ಒಲೆ ಹೊತ್ತಿಸುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು!

ಕಥೆ ಕಥೆಯಾಗಿ ಉಳಿಯಲಿ. ಸ್ಥಳನಾಮದ ನಿಜವನ್ನು ಮಾತ್ರ ಶಾಸನವನ್ನೂ ನೆಲವನ್ನೂ ಕೇಳಿಯೇ ತಿಳಿಯಬೇಕು.

ಬೆಂಗಳೂರು ಏರುನೆಲದ ಮೇಲೆ ಕುಳಿತ ಊರು. ಇಲ್ಲಿ ದೊಡ್ಡ ಹೊಳೆಯಿಲ್ಲ. ಪಡುವಣ ಇಳಿಜಾರಿನ ಮಳೆನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಮೂಡಣದ ನೀರು ದಕ್ಷಿಣ ಪಿನಾಕಿನಿಯನ್ನು ಕೂಡಿ ತಮಿಳುನಾಡಿನತ್ತ ಹರಿಯುತ್ತದೆ. ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲೆಂಬುದು ಪ್ರತೀತಿ. ತನ್ನ ಉಗಮವನ್ನು ಹೆಸರಿನಲ್ಲೇ ಹೊತ್ತ ಆ ನದಿ ಇಂದು ನಗರದ ಕೊಳಚೆಯನ್ನೂ ಹೊತ್ತಿದೆ.

ಹೊಳೆಯಿಲ್ಲದ ನಾಡಿನಲ್ಲಿ ಹಿರಿಯರು ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ ಮಳೆಯನ್ನು ಹಿಡಿದರು. ಒಂದು ಕೆರೆಯ ಕೋಡಿ ಹರಿದ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆಯನ್ನು ತುಂಬಬೇಕು. ತೂಬಿನ ನೀರು ಗದ್ದೆಗೆ ಹೋಗಬೇಕು. ಕೆರೆಯನ್ನು ಕಾಪಾಡಿದವರಿಗೆ ಬಿಟ್ಟ ಭೂಮಿಗೆ ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕೊಡಗೆ’ ಎಂಬ ಮಾತುಗಳುಂಟು. ಈ ಬಾಳುವೆಯೇ ಅರಕೆರೆ, ತಾವರೆಕೆರೆ, ಹೊಸಕೆರೆಹಳ್ಳಿಗಳಾಗಿ ನಮ್ಮ ನಾಲಗೆಯ ಮೇಲಿದೆ. ಆದರೆ ಅರ್ಥ ಹೇಳುವಲ್ಲಿ ಅವಸರ ಸಲ್ಲದು. ‘ಕೋಡಿ’ ಎಂದರೆ ಕೆರೆ ತುಂಬಿ ಹರಿಯುವ ಬಾಯಿಯೂ ಹೌದು, ತುದಿಯೂ ಹೌದು. ಕೋಡಿಹಳ್ಳಿ ಎಂಬ ಹೆಸರು ಕಂಡಾಗ ನಿಘಂಟು ತೆರೆದರೆ ಸಾಲದು. ನೀರು ಯಾವ ಕಡೆಗೆ ಇಳಿಯುತ್ತದೆಂದು ನಡೆದು ನೋಡಬೇಕು.

ಕೆಲವೆಡೆ ನೀರು ಹೋಗಿ ಹೆಸರಷ್ಟೇ ನಿಂತಿದೆ. ಅಂಬುಧಿ ಎಂದರೆ ಕಡಲು. ‘ಧರ್ಮಾಂಬುಧಿ’ ಎಂದು ಹಿರಿಯರು ಕರೆದ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಪಕ್ಕದ ರಸ್ತೆಗೆ ‘ಟ್ಯಾಂಕ್ ಬಂಡ್’ ಎಂಬ ಹೆಸರು ಅಂಟಿಕೊಂಡಿದೆ. ಏರಿಯ ನೆನಪುಂಟು, ಕೆರೆಯಿಲ್ಲ. ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣವಾಯಿತು. ಕರಗದ ವಿಧಿಗಾಗಿ ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ.

ಇನ್ನು ನನ್ನದೇ ಒಂದು ಮಾತು. ನಿವೃತ್ತಿಯ ಹಣದಿಂದ ನಗರದ ಅಂಚಿನ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿದೆ. ಬಡಾವಣೆಗೆ ಇಂಪಾದ ಸಂಸ್ಕೃತದ ಹೆಸರು. ಮೂರನೆಯ ವರ್ಷದ ಮಳೆಗಾಲದಲ್ಲಿ ಒಂದು ರಾತ್ರಿ ನೀರು ಒಳನುಗ್ಗಿತು. ಪುಸ್ತಕದ ಕಪಾಟಿನ ಕೆಳಗಿನೆರಡು ಸಾಲು ನೆನೆದು ಮುದ್ದೆಯಾದವು. ಸ್ಥಳನಾಮಗಳ ಬಗ್ಗೆ ನಾನು ಬರೆದಿಟ್ಟಿದ್ದ ಟಿಪ್ಪಣಿಗಳು ಅದರಲ್ಲಿಯೇ ಇದ್ದವು. ಬೆಳಿಗ್ಗೆ ಹಾಲು ತಂದ ಮುದುಕರು ಬಾಗಿಲಲ್ಲಿ ನಿಂತು, “ಕೆರೆಯಂಗಳ ಅಲ್ವಾ ಸ್ವಾಮಿ ಇದು? ಈ ಹೊಲಕ್ಕೆ ನಮ್ಮಪ್ಪನ ಕಾಲದಿಂದ ಅದೇ ಹೆಸರು. ನೀರು ತನ್ನ ಮನೆಗೆ ತಾನು ಬಂದೈತೆ” ಎಂದರು. ಊರೂರ ಹೆಸರು ಕೆದಕಿದ ನಾನು, ನನ್ನ ಅಡಿಪಾಯದ ನೆಲಕ್ಕೆ ಏನೆನ್ನುತ್ತಿದ್ದರೆಂದು ಒಬ್ಬರನ್ನೂ ಕೇಳಿರಲಿಲ್ಲ.

ಹೆಸರು ಬದಲಿಸಿದರೆ ನೆಲದ ತಗ್ಗು ಬದಲಾಗದು. ಹೊಸ ಬಡಾವಣೆಗೆ ನಾಮಕರಣ ಮಾಡುವವರು ಹೊಲಗದ್ದೆಗಳ ಹಳೆಯ ಹೆಸರನ್ನು ಉಳಿಸಿಕೊಂಡರೆ, ಮುಂದೆ ಮನೆ ಕಟ್ಟುವವನಿಗೆ ಅದೇ ಎಚ್ಚರಿಕೆಯಾದೀತು. ತಮ್ಮ ಬೀದಿ ಮೊದಲು ಏನಾಗಿತ್ತೆಂದು ತಾವೂ ಒಮ್ಮೆ ಹಿರಿಯರೊಬ್ಬರನ್ನು ಕೇಳಿ ಬರೆದಿಡಿ. ಆ ಉತ್ತರ ಬಲ್ಲವರ ಸಂಖ್ಯೆ ದಿನೇ ದಿನೇ ಕಡಿಮೆಯಾಗುತ್ತಿದೆ.

(ಬಾನುಲಿ ಭಾಷಣ)